ಮುಟ್ಟದೆ ಅಳೆಯುವ ಮಸಿ

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಸುಣ್ಣದಕಲ್ಲಿಗೆ ಬರವಿಲ್ಲ. ಸೀಳಿದರೆ ಮನೆಗೆ ಫರಸಿ, ಅರೆದು ಸುಟ್ಟರೆ ಸಿಮೆಂಟು. ಇದೇ ಜಾತಿಯ ನುಣುಪು ಕಲ್ಲಿನ ಮೇಲೆ 1790ರ ದಶಕದಲ್ಲಿ ಬವೇರಿಯಾದ ಸೆನೆಫೆಲ್ಡರ್ ಜಿಡ್ಡು ಮಸಿಯಲ್ಲಿ ಬರೆದು, ನೀರು ಸವರಿ, ಅಚ್ಚು ತೆಗೆದ. ಜಿಡ್ಡಿದ್ದಲ್ಲಿ ಮಸಿ ಹಿಡಿಯಿತು, ನೀರಿದ್ದಲ್ಲಿ ಇಲ್ಲ. ಅದೇ ಕಲ್ಲಚ್ಚು. ನಮ್ಮ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಬಂದದ್ದು ಹೀಗೇ. ಇವತ್ತಿನ ಆಫ್‌ಸೆಟ್ಟಿನಲ್ಲೂ ಸೂತ್ರ ಅದೇ, ಕಲ್ಲಿನ ಬದಲು ಅಲ್ಯುಮಿನಿಯಂ ತಗಡು, ಅಷ್ಟೇ.

ಸೇಡಂ ತಾಲ್ಲೂಕಿನ ಮಳಖೇಡ ನಿಮಗೆಲ್ಲ ಗೊತ್ತು. ಅಲ್ಲಿ ಆಳಿದ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ' ಸಾವಿರ ವರ್ಷ ಓಲೆಗರಿಯಲ್ಲಿದ್ದು, 1898ರಲ್ಲಿ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾಯಿತು. ಓಲೆಯಲ್ಲಿ ಕಂಠದಿಂದ ಕೊರೆದು ಕಾಡಿಗೆ ತಿಕ್ಕಿ ಒರೆಸಿಬಿಟ್ಟರೆ ಆಯ್ತು, ಹೆಚ್ಚಾದ ಮಸಿ ತಾನೇ ಹೋಗುತ್ತೆ. ಕಾಗದದ ಮೇಲೆ ಹಾಗಲ್ಲ ನೋಡಿ! ಮಸಿ ಸ್ವಲ್ಪ ದಪ್ಪವಾದರೆ 'ಧ'ದ ಸೀಳು ಮುಚ್ಚಿ, ಧನ ಹೋಗಿ ದನವಾಗುತ್ತೆ. 'ಠ'ದ ನಡುವಿನ ಚುಕ್ಕೆ ಹರಡಿ ಕರೀ ಗುಂಡು. ತೆಳುವಾದರೆ ಆ ಚುಕ್ಕೆಯೇ ಮಾಯ, ಉಳಿಯೋದು 'ರ'. ಮಗು ಪಾಠ ಓದೋದು ಇದನ್ನೇ ನಂಬಿ.

ಆದರೆ ಈ ದಪ್ಪ ಎಷ್ಟು? ಆಫ್‌ಸೆಟ್ಟಿನಲ್ಲಿ ಕಾಗದದ ಮೇಲೆ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹಸಿ ಮಸಿ ಮುಟ್ಟಿದರೆ ಬಳಿದುಹೋಗುತ್ತೆ, ಮಷಿನ್ನೂ ನಿಲ್ಲೋದಿಲ್ಲ. ಹಳೇ ಮಷಿನ್‌ಮನ್ನುಗಳು ಕಿವಿಯಲ್ಲೇ ಅಳೆಯುತ್ತಿದ್ದರು! ಮಸಿ ಹದವಾಗಿದ್ದರೆ ರೋಲರುಗಳು ಸಣ್ಣಗೆ 'ಸ್ಸ್...' ಅನ್ನುತ್ತವೆ, ಜಾಸ್ತಿಯಾದರೆ ಅಂಟು ಕಿತ್ತ ಹಾಗೆ ಚಟಚಟ. ನನ್ನ ಪ್ರಕಾರ ಮುಟ್ಟದೆ ಅಳೆಯೋ ಮೊದಲ ಉಪಕರಣ ಅದೇ.

ಆಮೇಲೆ ಬಂದದ್ದು ಡೆನ್ಸಿಟೋಮೀಟರ್. ಬೆಳಕು ಬಿಡುತ್ತೆ, ಎಷ್ಟು ವಾಪಸ್ ಬಂತು ಅಂತ ನೋಡುತ್ತೆ. ಹತ್ತರಲ್ಲೊಂದು ಪಾಲು ಬಂದರೆ ಸಾಂದ್ರತೆ 1, ನೂರರಲ್ಲೊಂದಾದರೆ 2. ತಮಾಷೆ ಅಂದ್ರೆ ಇದು ದಪ್ಪವನ್ನೇ ಅಳೆಯೋದಿಲ್ಲ, ಕಪ್ಪನ್ನು ಅಳೆದು ದಪ್ಪ ಊಹಿಸುತ್ತೆ. ಒಂದು ಮಿತಿ ದಾಟಿದ ಮೇಲೆ ಎಷ್ಟು ಮಸಿ ಸುರಿದರೂ ಅಂಕಿ ಏರೋದಿಲ್ಲ. ಹಸಿ ಮಸಿಯ ಹೊಳಪೂ ಮೋಸ ಮಾಡುತ್ತೆ, ಅದಕ್ಕೇ ಪೋಲರೈಸಿಂಗ್ ಫಿಲ್ಟರ್ ಹಾಕ್ತಾರೆ. ನಿಜವಾದ ಲೆಕ್ಕ ಬೇಕಾದರೆ ಕೊನೆಗೂ ತಕ್ಕಡಿಯೇ: ಚದರ ಮೀಟರಿಗೆ ಒಂದು ಗ್ರಾಂ ಮಸಿ ಅಂದರೆ ಹೆಚ್ಚುಕಡಿಮೆ ಒಂದು ಮೈಕ್ರಾನ್.

ನಿಮ್ಮೂರಿನ ಪ್ರೆಸ್ಸಿನಲ್ಲಿ ಆ 'ಸ್ಸ್' ಕೇಳಿದವರಿದ್ದರೆ ಎರಡು ಸಾಲು ಬರೆಯಿರಿ.