ಟೋಲ್ ಗೇಟಿನಲ್ಲಿ ಮಿಲಿಟರಿ ತಾತ

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಬರೆಯೋಕೆ ಕೂರಿಸಿದ್ದು ನಮ್ಮ ಜರಗನಹಳ್ಳಿಯ ಮಿಲಿಟರಿ ತಾತ.

ಜರಗನಹಳ್ಳಿ ಗೊತ್ತಲ್ಲ? ಕನಕಪುರ ರಸ್ತೆಯಲ್ಲಿ ಸಾರಕ್ಕಿ ಸಿಗ್ನಲ್ ದಾಟಿ ಯಲಚೇನಹಳ್ಳಿ ಕಡೆ ಹೊರಟರೆ ಸಿಗುತ್ತೆ. ಹನಿಗವನದ ಜರಗನಹಳ್ಳಿ ಶಿವಶಂಕರ್ ಅವರಿಂದ ಈ ಹೆಸರು ನಿಮ್ಮಲ್ಲಿ ಹಲವರಿಗೆ ಪರಿಚಯ ಇದ್ದೇ ಇರುತ್ತೆ. ಊರು ಹೋಗಿ ಈಗ ಬಡಾವಣೆಯಾಗಿದೆ. 2017ರಿಂದ ಮೇಲೆ ಮೆಟ್ರೋ ಬೇರೆ ಓಡ್ತಿದೆ. ನಮ್ಮ ಬೀದಿಯ ಕೊನೇ ಮನೆ ತಾತನದು. ಸೈನ್ಯಕ್ಕೆ ಅಕ್ಕಿ ಬೇಳೆಯಿಂದ ಹಿಡಿದು ಪೆಟ್ರೋಲ್‌ವರೆಗೆ ಎಲ್ಲ ಸಾಗಿಸುವ ಆರ್ಮಿ ಸರ್ವೀಸ್ ಕೋರ್, ಅಂದರೆ ಎ.ಎಸ್.ಸಿ.ಯಲ್ಲಿ ಡ್ರೈವರ್ ಆಗಿದ್ದು, 1991ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು.

ಹೋದ ತಿಂಗಳು ಒಂದು ಮದುವೆಗೆ ತಾತನನ್ನೂ ನನ್ನ ಕಾರಿನಲ್ಲಿ ಕರೆದುಕೊಂಡು ಹೊರಟಿದ್ದೆ. ಹೆದ್ದಾರಿಯ ಟೋಲ್ ಬಂತು. ಫಾಸ್ಟ್‌ಟ್ಯಾಗ್ ಕೀಂ ಅಂತು, ದುಡ್ಡು ಕಟ್ ಆಯ್ತು, ಮೊಬೈಲಿಗೆ ಮೆಸೇಜು ಬಂತು.

"ನಿಲ್ಸಪ್ಪಾ ಗಾಡಿ" ಅಂದ್ರು ತಾತ. ಜೇಬಿನಿಂದ ಮಾಜಿ ಸೈನಿಕರ ಗುರುತಿನ ಚೀಟಿ ತೆಗೆದು ಕೆಳಗಿಳಿದೇಬಿಟ್ರು. "ಇಪ್ಪತ್ತೆರಡು ವರ್ಷ ಗಾಡಿ ಓಡ್ಸಿದೀನಿ. ಒಂದು ಕಡೆ ಟೋಲ್ ಕೊಟ್ಟಿಲ್ಲ!"

ಅಲ್ಲಿದ್ದ ಹುಡುಗ ಒಳ್ಳೆಯವನು. "ಡ್ಯೂಟಿಲಿ ಇದ್ರೆ ಮಾತ್ರ ಬಿಡ್ತೀವಿ ತಾತ, ರಿಟೈರ್ ಆದೋರಿಗೆ ಇಲ್ಲ" ಅಂದ. ತಾತ ಏನೂ ಮಾತಾಡದೆ ಬಂದು ಕೂತರು. ಮದುವೆ ಮನೆ ಸೇರುವವರೆಗೂ ಮಾತಿಲ್ಲ.

ಯಾರು ಸರಿ? ಮನೆಗೆ ಬಂದ ಮೇಲೆ ಕಾಯ್ದೆಗಳನ್ನು ಹುಡುಕಿ ಓದಿದೆ. ಇಬ್ಬರೂ ಸರಿ!

ಇದರ ಬೇರು 1901ರ ಒಂದು ಕಾಯ್ದೆಯಲ್ಲಿದೆ. ಬ್ರಿಟಿಷರು ಮಾಡಿದ ಇಂಡಿಯನ್ ಟೋಲ್ಸ್ ಆಕ್ಟ್ ಅದು, ಸೈನ್ಯಕ್ಕೋಸ್ಕರವೇ ಮಾಡಿದ್ದು. ವಾಯುಸೇನೆ ಆಮೇಲೆ ಸೇರಿತು. ಕರ್ತವ್ಯದ ಮೇಲೆ ಹೊರಟ ಸೈನಿಕರು, ದಂಡಿನ ಜೊತೆ ಹೊರಟ ಅವರ ಕುಟುಂಬದವರು, ಸರಂಜಾಮು, ಕುದುರೆ, ಗಾಡಿ... ಇವರಿಗೆಲ್ಲ ರಸ್ತೆ, ಸೇತುವೆ, ದೋಣಿಗಂಡಿಗಳಲ್ಲಿ ಸುಂಕವಿಲ್ಲ. ಮೀರಿ ವಸೂಲಿ ಮಾಡಿದವರಿಗೆ ಐವತ್ತು ರೂಪಾಯಿವರೆಗೆ ದಂಡ. ಆ ಕಾಲದ ಐವತ್ತು ರೂಪಾಯಿ ಅಂದ್ರೆ ಸುಮ್ನೇನಾ? :)

ಗಮನಿಸಬೇಕಾದ್ದು "ಕರ್ತವ್ಯದ ಮೇಲೆ" ಅನ್ನುವ ಮಾತು. ಸವಲತ್ತು ಸಿಕ್ಕಿದ್ದು ಕೆಲಸಕ್ಕೆ, ಮನುಷ್ಯನಿಗಲ್ಲ.

ನಮ್ಮ ಮೈಸೂರು ಸೀಮೆಗೆ ಇದು ಹೊಸದೇನಲ್ಲ. ಲಾರಿಗಳು ಬರುವ ಮುಂಚೆ ಸೈನ್ಯದ ಗಾಡಿ ಎಳೆದದ್ದು ಅಮೃತಮಹಲ್ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಅಂತ ಹೆಸರಿಟ್ಟ. ಚಿದಂಬರದ ರಕ್ಷಣೆಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಹೋದದ್ದು ಈ ಎತ್ತುಗಳ ಬಲದಿಂದಲೇ ಅನ್ನುತ್ತಾರೆ. ಇವುಗಳಿಗೆ ಮೇಯಲು ಊರೂರಲ್ಲಿ ಕಾವಲುಗಳನ್ನೇ ಬಿಟ್ಟಿದ್ದರು. ಹುಲ್ಲುಗಾವಲು ಎತ್ತಿಗೆ, ಎತ್ತು ದಂಡಿಗೆ. ಗಾಡಿ ಹೊಡೆದವನ ಮುಪ್ಪಿಗೆ ಅಂತ ಯಾವ ಕಾವಲೂ ಇರಲಿಲ್ಲ.

ಅದೇ ಲೆಕ್ಕ ಇವತ್ತಿಗೂ ಮುಂದುವರಿದಿದೆ. ಮಿಲಿಟರಿ ಗಾಡಿಯ ನಂಬರ್ ಪ್ಲೇಟ್ ನೋಡಿದ್ದೀರಲ್ಲ? ಮೇಲ್ಮುಖವಾದ ಬಾಣದ ಗುರುತು, ಜೊತೆಗೆ ವರ್ಷದ ಎರಡು ಅಂಕಿ. ನಮ್ಮ ಜಯನಗರ ಆರ್.ಟಿ.ಓ.ದ ಕೆ.ಎ.05 ಅದರ ಮೇಲೆ ಇರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ರಕ್ಷಣಾ ಕೆಲಸದ ಗಾಡಿಗಳ ನೋಂದಣಿಯೇ ಬೇರೆ. ಅದೇ ಸೈನಿಕ ಸ್ವಂತಕ್ಕೆ ಸ್ಕೂಟರ್ ಕೊಂಡರೆ ನಮ್ಮ ನಿಮ್ಮ ಹಾಗೇ.

2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳಲ್ಲಿ ಮನುಷ್ಯರನ್ನೇ ನೋಡಿ ಕೊಟ್ಟ ಒಂದು ವಿನಾಯಿತಿ ಇದೆ. ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ, ಶೌರ್ಯ ಚಕ್ರ ಪಡೆದವರು ಗುರುತಿನ ಚೀಟಿ ತೋರಿಸಿದರೆ ಟೋಲ್ ಕೊಡಬೇಕಿಲ್ಲ. ಹಿಮದಲ್ಲಿ ಅಕ್ಕಿಮೂಟೆ ಸಾಗಿಸಿದ ಹವಾಲ್ದಾರರು ಆ ಪಟ್ಟಿಯಲ್ಲಿಲ್ಲ.

ಇನ್ನು ವರ್ಗಾವಣೆಯ ಗೋಳು. ಎರಡು ಮೂರು ವರ್ಷಕ್ಕೊಮ್ಮೆ ರಾಜ್ಯ ಬದಲಾಯಿಸುವ ಸೈನಿಕನ ಸ್ವಂತ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇದ್ದರೆ ಅಲ್ಲಿನ ನಂಬರ್ ಹಾಕಿಸಬೇಕು, ಅಲ್ಲಿ ತೆರಿಗೆ ಕಟ್ಟಬೇಕು, ಇಲ್ಲಿ ಕಟ್ಟಿದ್ದನ್ನು ವಾಪಸ್ ಕೇಳಬೇಕು. 2021ರ ಸೆಪ್ಟೆಂಬರಿನಲ್ಲಿ ಬಿ.ಎಚ್. ಸರಣಿ ಬಂದು ಇದಕ್ಕೊಂದು ದಾರಿಯಾಯಿತು. ಒಂದೇ ನಂಬರ್ ದೇಶಕ್ಕೆಲ್ಲ ನಡೆಯುತ್ತೆ, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು. ಆದರೆ ಅದೂ ಸೇವೆಯಲ್ಲಿ ಇರುವವರಿಗೇ.

ಹಾಗಾದ್ರೆ ತಾತನಿಗೆ ಏನೂ ಇಲ್ವಾ? ಅಂತ ಬೇಸರದಲ್ಲೇ ಓದ್ತಾ ಇದ್ದಾಗ ಒಂದು ಸಾಲು ಸಿಕ್ತು.

1988ರ ಅದೇ ಕಾಯ್ದೆಯ 18ನೇ ಸೆಕ್ಷನ್ ಸೈನ್ಯದ ಡ್ರೈವರ್‌ಗಳ ಲೈಸೆನ್ಸ್ ಬಗ್ಗೆ. ಅದರಲ್ಲಿ ಸೈನ್ಯದ ಗಾಡಿ ಮಾತ್ರ ಓಡಿಸಬಹುದು. ಅಂದರೆ ಬೆಟ್ಟದ ತಿರುವುಗಳಲ್ಲಿ ಶಕ್ತಿಮಾನ್ ಲಾರಿ ಓಡಿಸಿದವರು ಆ ಲೈಸೆನ್ಸ್ ಇಟ್ಟುಕೊಂಡು ಕನಕಪುರ ರಸ್ತೆಯಲ್ಲಿ ಮಗಳ ಸ್ಕೂಟಿ ಓಡಿಸೋ ಹಾಗಿಲ್ಲ! ಆದರೆ 9ನೇ ಸೆಕ್ಷನ್ನಿನಲ್ಲಿ ಇದಕ್ಕೆ ಮದ್ದಿದೆ. ಸೈನ್ಯದಲ್ಲಿ ಯಾವ ವರ್ಗದ ಗಾಡಿಗೆ ಲೈಸೆನ್ಸ್ ಇತ್ತೋ, ಆ ವರ್ಗಕ್ಕೆ ನಾಗರಿಕ ಲೈಸೆನ್ಸ್ ಕೇಳಿದಾಗ ಮತ್ತೆ ಡ್ರೈವಿಂಗ್ ಟೆಸ್ಟ್ ಬೇಕಿಲ್ಲ. ಹಳೆಯದರ ಪುರಾವೆ ಇರಬೇಕು, ಗಾಡಿ ಓಡಿಸಲು ಅಪಾಯವಾಗುವಂಥ ದೈಹಿಕ ತೊಂದರೆ ಇರಬಾರದು, ಅಷ್ಟೇ. ಈ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು. ತಾತ ಊರಿಗೆ ಬರುವ ಹೊತ್ತಿಗೆ ಎರಡು ವರ್ಷದ ಕೂಸು.

ಭಾನುವಾರ ಹೋಗಿ ತಾತನಿಗೆ ಇದನ್ನೆಲ್ಲ ಹೇಳಿದೆ. ಎದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಹಳೇ ಪುಸ್ತಕ ತಂದರು. ಸೈನ್ಯದ ಲೈಸೆನ್ಸು. ಅಂಚೆಲ್ಲ ಸವೆದಿತ್ತು.

"ಇದನ್ನ ತೋರ್ಸಿ ಲಾರಿ ಲೈಸೆನ್ಸ್ ಮಾಡಿಸ್ಕೊಂಡೆ ಕಣಪ್ಪಾ. ಟೆಸ್ಟ್ ಗಿಸ್ಟ್ ಏನೂ ಕೇಳ್ಲಿಲ್ಲ. ಹದಿನಾರು ವರ್ಷ ಮರಳು, ಜಲ್ಲಿ ಹೊಡ್ದೆ. ಮೂರು ಮಕ್ಕಳು ಓದಿದ್ದು ಇದ್ರಲ್ಲೇ."

"ಮತ್ತೆ ಟೋಲು, ತಾತ?"

"ಲಾರೀಲಿ ದಿನಾ ಕಟ್ತಿದ್ನಲ್ಲ! ಅವತ್ತು ದುಡ್ಡಿಗೆ ಇಳಿದಿದ್ದಲ್ಲಪ್ಪ. ಒಂದ್ಸಲ ಆ ಕಾರ್ಡು ನೋಡ್ಲಿ ಅಂತ."

ನನಗೆ ಅನ್ನಿಸೋದು ಇಷ್ಟು. ಮಾಜಿ ಸೈನಿಕರಿಗೆಲ್ಲ ಟೋಲ್ ಬಿಡಬೇಕೋ ಬೇಡವೋ, ಆ ವಾದ ನಡೀತಾ ಇರಲಿ. ಆದರೆ ಇಪ್ಪತ್ತು ವರ್ಷದ ಕಸುಬನ್ನು ಒಪ್ಪಿಕೊಂಡು "ನಿನ್ನನ್ನು ಮತ್ತೆ ಪರೀಕ್ಷೆ ಮಾಡಲ್ಲ" ಅನ್ನುವ ಆ ಒಂದು ಸಾಲು ಟೋಲ್ ಮಾಫಿಗಿಂತ ದೊಡ್ಡದು. ನಿವೃತ್ತರಾಗಿ ಬರುವ ಪ್ರತಿ ಡ್ರೈವರ್ ಕೈಗೂ ಅದನ್ನು ಕನ್ನಡದಲ್ಲಿ ಬರೆದು ಕೊಟ್ಟರೆ ಎಷ್ಟು ಚೆನ್ನ, ಅಲ್ವಾ?

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಪುಸ್ತಕ ಇದ್ದರೆ ಅದರ ಕಥೆ ಬರೆಯಿರಿ. ತಾತನಿಗೆ ಓದಿ ಹೇಳ್ತೀನಿ.