ಗಡಿಯಾಚೆ ಕೆಲಸ, ಗಡಿಯೀಚೆ ಶಾಲೆ

ಊರು ಬಿಡದೆಯೇ ರಾಜ್ಯ ಬದಲಾಯಿಸಿದವರು ನಾವು. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದರೊಂದಿಗೆ ದೇಲಂಪಾಡಿಯೂ ಹೋಯಿತು. ಆದರೂ ಪೇಟೆಗೆ, ಆಸ್ಪತ್ರೆಗೆ ನಮಗೆ ಸುಳ್ಯ, ಪುತ್ತೂರುಗಳ ನಂಟು ತಪ್ಪಲಿಲ್ಲ.

ಆ ನಂಟಿಗೆ ಪೆಟ್ಟು ಬಿದ್ದದ್ದು 2020ರ ಮಾರ್ಚಿನಲ್ಲಿ. ಕೊರೋನಾ ಹರಡುವ ಭಯದಿಂದ ಕರ್ನಾಟಕವು ಕಾಸರಗೋಡಿನ ಗಡಿರಸ್ತೆಗಳಿಗೆ ಮಣ್ಣು ಸುರಿಯಿತು. ತಡೆ ತೆಗೆಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶ ನೀಡಬೇಕಾಯಿತು. ರೋಗಿಗೆ ದಾಟಲಾಗದ ಗಡಿಯನ್ನು ಬೆಂಗಳೂರಿನ ಕಂಪ್ಯೂಟರ್ ಕೆಲಸ ಮಾತ್ರ ಸಲೀಸಾಗಿ ದಾಟಿತು. ಊರಿಗೆ ಮರಳಿದ ಯುವಕರು ಮನೆಯ ಜಗಲಿಯಲ್ಲೇ ಕುಳಿತು ದುಡಿದರು.

ಅದೇ ಜೂನ್ 1ರಂದು ಕೇರಳದಲ್ಲಿ ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ಸಿದ್ಧವಾದವು. ಆದರೆ ನೆಟ್‌ವರ್ಕ್ ಸಿಗದ ಮನೆಗೆ ಅಪ್ಪನ ಕೆಲಸವೂ ಇಲ್ಲ, ಮಗಳ ಪಾಠವೂ ಇಲ್ಲ. ಸರಕಾರದ ಕೆ-ಫೋನ್ ಜಾಲ ಉದ್ಘಾಟನೆಯಾದದ್ದು 2023ರ ಜೂನ್ 5ರಂದು.

ದೂರದ ಕೆಲಸವನ್ನು ಊರಿಗೆ ತಂದು ನೆಲೆಸುವ ಹೆತ್ತವರಲ್ಲಿ ನಮ್ಮದೊಂದೇ ವಿನಂತಿ. ಸಂಬಳ ಎಲ್ಲಿಂದಲಾದರೂ ಬರಲಿ, ಮಕ್ಕಳನ್ನು ಊರಿನ ಕನ್ನಡ ಶಾಲೆಗೆ ಕಳುಹಿಸಿ. ಒಂದನೇ ತರಗತಿಗೆ ಮಕ್ಕಳು ಬಾರದಿದ್ದರೆ ಗಡಿನಾಡಿನಲ್ಲಿ ಕನ್ನಡ ಓದುವವರು ಉಳಿಯುವುದಿಲ್ಲ.