ನೀಲಿ ಬಣ್ಣ ಹೇಳದ ಮಾತು

ಬೇಸಿಗೆ ಶಿಬಿರ ಎಂದರೆ ಪುಣೆ, ಚೆನ್ನೈಗಳ ನಮ್ಮ ಮಕ್ಕಳಿಗೆ ಬೆಳಿಗ್ಗೆ ಹೋಗಿ ಊಟದ ಹೊತ್ತಿಗೆ ಮನೆಗೆ ಬರುವ ಸಂಗತಿ. ಒಂದಿಷ್ಟು ಬಣ್ಣ, ಒಂದಿಷ್ಟು ನಾಟಕ, ಮುಗಿಯಿತು. ಅಮೆರಿಕದಲ್ಲಿ ಹಾಗಲ್ಲ. 1861ರಲ್ಲಿ ಕನೆಕ್ಟಿಕಟ್‌ನ ಶಾಲಾ ಮಾಸ್ತರು ಫ್ರೆಡರಿಕ್ ಗನ್ ತಮ್ಮ ಹುಡುಗರನ್ನು ನಡೆಸಿಕೊಂಡು ಹೋಗಿ ಕಡಲ ತಡಿಯಲ್ಲಿ ಡೇರೆ ಹಾಕಿದರು. ಆ ದೇಶದ ಬೇಸಿಗೆ ಶಿಬಿರಗಳ ಕಥೆ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಮುಂದೆ ಅದು ವಾರಗಟ್ಟಲೆ ಕಾಡಿನಲ್ಲೋ ಕೆರೆ ದಂಡೆಯಲ್ಲೋ ತಂದೆ ತಾಯಿಯಿಂದ ದೂರ ಇರುವ ಪದ್ಧತಿಯಾಗಿ ಬೆಳೆಯಿತು. ಅಷ್ಟು ಮಕ್ಕಳ ಆರೋಗ್ಯದ ಹೊಣೆ ಎಷ್ಟೋ ಕಡೆ ಒಬ್ಬಳೇ ನರ್ಸ್ ಮೇಲೆ. ಡಾಕ್ಟರ್ ಇರುವುದು ಹತ್ತಿರದ ಪಟ್ಟಣದಲ್ಲಿ.

ಜೇನುಹುಳದ ಕಡಿತ, ಉಳುಕಿದ ಪಾದ, ಅಮ್ಮನ ನೆನಪಾಗಿ ಬರುವ ಹೊಟ್ಟೆನೋವು, ಇವನ್ನೆಲ್ಲ ಒಬ್ಬಳೇ ನಿಭಾಯಿಸಬಹುದು. ಆದರೆ 1922ರ ನಂತರ ಅಲ್ಲಿಯವರೆಗೆ ಶಿಬಿರಗಳು ಕಂಡಿರದ ಒಂದು ಬಗೆಯ ಮಗು ಹುಟ್ಟಿಕೊಂಡಿತು. ಡಯಾಬಿಟಿಸ್ ಇದ್ದೂ ಬದುಕಿರುವ, ಓಡಾಡುವ ಮಗು.

ಅದಕ್ಕೂ ಮೊದಲು ಅಂಥ ಮಕ್ಕಳಿಗೆ ಇದ್ದ ದಾರಿ ಅರೆಹೊಟ್ಟೆಯ ಪಥ್ಯ ಒಂದೇ. ಅದು ಸಾವನ್ನು ಸ್ವಲ್ಪ ಮುಂದೂಡುತ್ತಿತ್ತು, ಅಷ್ಟೆ. 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚಿದರು. ಅದೇ ವರ್ಷದ ಆಗಸ್ಟ್ 7ರಂದು ಬಾಸ್ಟನ್ನಿನಲ್ಲಿ ಡಾ. ಎಲಿಯಟ್ ಜಾಸ್ಲಿನ್ ತಮ್ಮ ಮೊದಲ ರೋಗಿಗೆ ಇನ್ಸುಲಿನ್ ಕೊಟ್ಟರು. ಆ ರೋಗಿ ಎಲಿಜಬೆತ್ ಮಡ್ಜ್. ವೃತ್ತಿಯಿಂದ ಆಕೆಯೂ ನರ್ಸ್. ಆಗ ಅವರ ತೂಕ 70 ಪೌಂಡಿನ ಆಸುಪಾಸು, ಅಂದರೆ ಸುಮಾರು 32 ಕೆ.ಜಿ.

ಔಷಧಿ ಸಿಕ್ಕರೆ ಸಾಲದು, ಅದನ್ನು ಬಳಸಲು ಮನೆಯವರಿಗೆ ಕಲಿಸಬೇಕು ಎಂಬುದು ಜಾಸ್ಲಿನ್ ಅವರ ಹಟ. ಅದಕ್ಕೆಂದೇ ನರ್ಸ್‌ಗಳನ್ನು ತರಬೇತು ಮಾಡಿ ರೋಗಿಗಳ ಮನೆಗಳಿಗೆ ಕಳಿಸುತ್ತಿದ್ದರು. ಅವರಿಗೆ ‘ಅಲೆಮಾರಿ ನರ್ಸ್’ ಎಂಬ ಅರ್ಥದ ಹೆಸರೇ ಬಿದ್ದಿತ್ತು. ಆದರೆ ಮನೆ ಮನೆಗೆ ಒಬ್ಬರನ್ನು ಕಳಿಸುವುದು ದುಬಾರಿ. ಸಾಮಾನ್ಯ ಶಿಬಿರಗಳೋ ಇಂಥ ಮಕ್ಕಳನ್ನು ಸೇರಿಸಿಕೊಳ್ಳಲು ಹೆದರುತ್ತಿದ್ದವು. ಆ ಹೆದರಿಕೆಯನ್ನು ಬರೀ ಕಲ್ಲುಮನಸ್ಸು ಎಂದು ತಳ್ಳಿಹಾಕಲಾಗದು. ಒಬ್ಬಳೇ ನರ್ಸ್ ಇರುವ ಜಾಗದಲ್ಲಿ ಅದಕ್ಕೆ ಕಾರಣವಿತ್ತು. ಹೀಗೆ ಪ್ರತ್ಯೇಕ ಶಿಬಿರಗಳು ಹುಟ್ಟಿದವು: 1925ರಲ್ಲಿ ಮಿಷಿಗನ್‌ನಲ್ಲಿ, 1929ರಲ್ಲಿ ಓಹಾಯೊದಲ್ಲಿ, 1932ರಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ತ್ ಆಕ್ಸ್‌ಫರ್ಡ್‌ನಲ್ಲಿ.

ಈ ಮೂರನೆಯದು ಹೆಣ್ಣುಮಕ್ಕಳ ಶಿಬಿರ. ಅಮೆರಿಕನ್ ರೆಡ್ ಕ್ರಾಸ್ ಕಟ್ಟಿದ ಕ್ಲಾರಾ ಬಾರ್ಟನ್ ಹುಟ್ಟಿದ ಮನೆಯ ಜಾಗದಲ್ಲಿ ಅದು ನಡೆಯಿತು. ನರ್ಸಿಂಗ್ ಶಾಲೆಯ ಮೆಟ್ಟಿಲು ಹತ್ತದ ಬಾರ್ಟನ್ 1862ರಲ್ಲಿ ಆಂಟೀಟಮ್ ರಣರಂಗಕ್ಕೆ ಗಾಡಿ ತುಂಬ ಬ್ಯಾಂಡೇಜು ಹೊತ್ತು ಹೋದಾಗ, ಅಲ್ಲಿನ ಡಾಕ್ಟರುಗಳ ಬಳಿ ಬಟ್ಟೆ ಮುಗಿದು ಗಾಯಗಳಿಗೆ ಜೋಳದ ಸಿಪ್ಪೆ ಕಟ್ಟುತ್ತಿದ್ದರು. ನೀರು ಕುಡಿಸುತ್ತಿದ್ದಾಗ ಗುಂಡೊಂದು ಆಕೆಯ ತೋಳಿನ ಬಟ್ಟೆಯನ್ನು ಸೀಳಿಕೊಂಡು ಹೋಗಿ ಗಾಯಾಳುವನ್ನೇ ಕೊಂದಿತಂತೆ, ಆಕೆಯೇ ಬರೆದುಕೊಂಡಿದ್ದು. ಶಿಬಿರದ ಕೆಲಸದಲ್ಲಿ ಗುಂಡಿನ ಭಯವಿರಲಿಲ್ಲ. ಅಲ್ಲಿದ್ದ ಭಯಕ್ಕೆ ಸದ್ದೇ ಇರಲಿಲ್ಲ.

ಪಿಯುಸಿ ಲ್ಯಾಬಿನಲ್ಲಿ ಬೆನೆಡಿಕ್ಟ್ ದ್ರಾವಣ ಕಾಯಿಸಿದವರಿಗೆ ನೆನಪಿರಬಹುದು. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಬೇಕು. ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ಕಿತ್ತಳೆ, ತುಂಬ ಇದ್ದರೆ ಇಟ್ಟಿಗೆ ಕೆಂಪು. ದಶಕಗಳ ಕಾಲ ಶಿಬಿರದ ನರ್ಸ್ ಕೈಯಲ್ಲಿದ್ದ ಮುಖ್ಯ ಅಳತೆಗೋಲು ಇದೇ. ಹೊತ್ತು ಹೊತ್ತಿಗೆ, ಪ್ರತಿ ಮಗುವಿಗೂ. ಅದರ ಜೊತೆಗೆ ಗಾಜಿನ ಸಿರಿಂಜು ಕುದಿಸುವುದು, ಸೂಜಿಯ ಮೊನೆ ಮಸೆಯುವುದು, ಊಟ ತೂಗಿ ಬಡಿಸುವುದು. ಇನ್ಸುಲಿನ್ ಬಾಟಲಿಗಳೂ ಒಂದೇ ಬಗೆಯವಲ್ಲ: ಒಂದರಲ್ಲಿ ಸಿಸಿಗೆ 20 ಯೂನಿಟ್, ಇನ್ನೊಂದರಲ್ಲಿ 40, ಮತ್ತೊಂದರಲ್ಲಿ 80. ಸಿರಿಂಜಿನ ಗೆರೆಯನ್ನು ತಪ್ಪಾಗಿ ಓದಿದರೆ ಮಗುವಿಗೆ ಎರಡು ಪಟ್ಟು ಹೋಯಿತು ಎಂದೇ ಅರ್ಥ. (ಭಾರತದ ಔಷಧಿ ಅಂಗಡಿಗಳಲ್ಲಿ ಇವತ್ತಿಗೂ 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು ಕೊಡುವುದು ಇದೇ ಭಯಕ್ಕೆ.)

ದುಡಿಮೆ ಜಾಸ್ತಿ, ನಿಜ. ಆದರೆ ನಿಜವಾದ ಕಷ್ಟ ಬೇರೆಯೇ. ರಕ್ತದಲ್ಲಿನ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. 110 ಇರುವ ಆರೋಗ್ಯವಂತ ಮಗುವಿನದೂ ನೀಲಿ, 40ಕ್ಕೆ ಕುಸಿದು ಪ್ರಜ್ಞೆ ತಪ್ಪಲಿರುವ ಮಗುವಿನದೂ ನೀಲಿ. ನರ್ಸ್ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದಳೋ ಅದರ ಬಗ್ಗೆ ಅವಳ ಅಳತೆಗೋಲು ಬಾಯಿ ಬಿಡುತ್ತಿರಲಿಲ್ಲ. ಅಷ್ಟರ ಮೇಲೆ ಶಿಬಿರ ಎಂದರೆ ಈಜು, ಓಟ, ಬೆಟ್ಟ ಹತ್ತುವುದು. ದೇಹ ದಣಿದಷ್ಟೂ ಇನ್ಸುಲಿನ್ ಚುರುಕಾಗುತ್ತದೆ ಎಂದು ಲಂಡನ್ನಿನ ಡಾ. ರಾಬಿನ್ ಲಾರೆನ್ಸ್ 1926ರಲ್ಲೇ ಬರೆದಿದ್ದರು. ಮನೆಯಲ್ಲಿ ಸರಿಹೋಗುತ್ತಿದ್ದ ಪ್ರಮಾಣ ಶಿಬಿರದಲ್ಲಿ ಅತಿಯಾಗುತ್ತಿತ್ತು.

1936ರಲ್ಲಿ ಡೆನ್ಮಾರ್ಕ್‌ನ ಹಾಗೆಡಾರ್ನ್ ನಿಧಾನವಾಗಿ ಕರಗುವ ಇನ್ಸುಲಿನ್ ತಯಾರಿಸಿದಾಗ ಮಕ್ಕಳಿಗೆ ಚುಚ್ಚುವಿಕೆ ಕಡಿಮೆಯಾಯಿತು, ಎಲ್ಲರಿಗೂ ಸಂತೋಷ. ಅಪಾಯ ಮಾತ್ರ ಹಗಲಿನಿಂದ ರಾತ್ರಿಗೆ ಜರುಗಿತು. ಬೆಳಿಗ್ಗೆ ಕೊಟ್ಟ ಔಷಧಿ ನಡುರಾತ್ರಿಯಲ್ಲೂ ಕೆಲಸ ಮಾಡುತ್ತಿರುತ್ತದೆ. ಮಲಗುವ ಮುಂಚೆ ಹಾಲು, ಬಿಸ್ಕತ್ತು ಕೊಡುವುದು ಅದಕ್ಕೇ. ಆಮೇಲೂ ಟಾರ್ಚ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ಹೋಗಬೇಕು. ಈ ಹುಡುಗಿಯ ಕತ್ತು ಬೆವರಿದೆ, ಸೆಕೆಗೋ ಸಕ್ಕರೆ ಇಳಿದೋ? ಆ ಹುಡುಗಿ ಏನೋ ಬಡಬಡಿಸುತ್ತಿದ್ದಾಳೆ, ಕನಸೋ ಬೇರೇನೋ? ‘ಶುಶ್ರೂಷೆ’ ಎಂಬ ಪದದ ಮೂಲಾರ್ಥ ಕೇಳುವ ಬಯಕೆ ಎಂದು. ಈ ರಾತ್ರಿಪಾಳಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ. ಮಗುವಿಗೆ ಎಚ್ಚರವಿದ್ದರೆ ಕಿತ್ತಳೆ ರಸ ಕುಡಿಸಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕುವಂತಿಲ್ಲ, ರಕ್ತನಾಳಕ್ಕೇ ಗ್ಲೂಕೋಸ್ ಹೋಗಬೇಕು, ಅದು ಡಾಕ್ಟರ್ ಕೆಲಸ. ಮಾಂಸಖಂಡಕ್ಕೆ ಚುಚ್ಚಿದರೆ ಸಾಕಾಗುವ ಗ್ಲುಕಗಾನ್ ಅಮೆರಿಕದ ಮಾರುಕಟ್ಟೆಗೆ ಬಂದಿದ್ದು 1960ರ ಸುಮಾರಿಗೆ.

ಪ್ರತ್ಯೇಕ ಶಿಬಿರಗಳ ನರ್ಸ್‌ಗಳಿಗೆ ಒಂದು ಸಮಾಧಾನವಿತ್ತು. ಅಲ್ಲಿ ಕರೆದರೆ ಡಾಕ್ಟರ್ ಬರುತ್ತಿದ್ದರು. ಕಾಯಿಲೆ ಎಲ್ಲ ಮಕ್ಕಳದೂ ಒಂದೇ ಆದ್ದರಿಂದ ಲಕ್ಷಣಗಳು ಅಡುಗೆಯವರಿಗೂ ಗೊತ್ತಿರುತ್ತಿದ್ದವು. 1990ರಲ್ಲಿ ಅಂಗವೈಕಲ್ಯ ಇರುವವರ ಹಕ್ಕಿನ ಕಾನೂನು ಬಂತು. ಡಯಾಬಿಟಿಸ್ ಇದೆ ಎಂಬ ಒಂದೇ ಕಾರಣಕ್ಕೆ ಮಗುವನ್ನು ಹೊರಗಿಡಲು ಸಾಮಾನ್ಯ ಶಿಬಿರಗಳಿಗೂ ಅವಕಾಶವಿಲ್ಲದಾಯಿತು. ನ್ಯಾಯವಾಗಿ ಆಗಬೇಕಿದ್ದ ಕೆಲಸವೇ. ಬಾಗಿಲು ತೆರೆಯಿತು, ಆದರೆ ಬಾಗಿಲ ಒಳಗೆ ಎಷ್ಟೋ ಕಡೆ ನಿಂತಿದ್ದವಳು ಅದೇ ಒಬ್ಬಳು ನರ್ಸ್. ಅವಳ ಮುಂದಿನ ಸಾಲಿನಲ್ಲಿ ಆಸ್ತಮಾದ ಇನ್ಹೇಲರ್‌ನವರು, ಶೇಂಗಾ ತಿಂದರೆ ಗಂಟಲು ಊದಿಕೊಳ್ಳುವವರು, ದಿನಕ್ಕೆ ಎರಡು ಬಗೆಯ ಮಾತ್ರೆಯವರು, ಎಲ್ಲರೂ ಇದ್ದರು.

ಈಗ ಮಗುವಿನ ತೋಳಿನ ಮೇಲೆ ನಾಣ್ಯದಷ್ಟು ಸೆನ್ಸರ್ ಇರುತ್ತದೆ. ಐದೈದು ನಿಮಿಷಕ್ಕೆ ಹೊಸ ಅಂಕಿ, ಸಿಗ್ನಲ್ ಇದ್ದರೆ ಅದೇ ಅಂಕಿ ಊರಲ್ಲಿರುವ ಅಮ್ಮನ ಫೋನಿಗೂ ಹೋಗುತ್ತದೆ. ನಡುರಾತ್ರಿ ಅಂಕಿ ಇಳಿಯುತ್ತಿರುವುದು ಕಂಡರೆ ಅಮ್ಮ ಶಿಬಿರಕ್ಕೆ ಫೋನ್ ಮಾಡುತ್ತಾಳೆ. ಆದರೆ ಮಗು ಆ ತೋಳಿನ ಮೇಲೇ ಒರಗಿ ಮಲಗಿದ್ದರೂ, ಒತ್ತಡಕ್ಕೆ ಸೆನ್ಸರ್ ಸುಳ್ಳು ಇಳಿಕೆ ತೋರಿಸುವುದುಂಟು. ನರ್ಸ್ ಟಾರ್ಚ್ ತೆಗೆದುಕೊಂಡು ಹೋಗಿ, ಮಗುವನ್ನು ಮೆಲ್ಲಗೆ ಮಗ್ಗುಲು ಹೊರಳಿಸಿ, ಬೆರಳು ಚುಚ್ಚಿ ನೋಡುತ್ತಾಳೆ.